ಕಂಪ್ಯೂಟರ್ ಸುಮ್ಮಸುಮ್ಮನೆ ಹ್ಯಾಂಗ್ ಆಗಂಗಿಲ್ಲ: ಮೂರು ಊರು, ಮೂರು ಕಾರಣ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ವಾರ ಸಂಚಿಕೆ ಬರಲಿಲ್ಲ. "ಯಾಕ್ರಿ, ಬಂದ್ ಮಾಡಿದ್ರೇನು?" ಅಂತ ಕೆಲವರು ಮೆಸೇಜ್ ಹಾಕಿ ಕೇಳಿದ್ರಿ. ಬಂದ್ ಮಾಡಿಲ್ಲ. ಜೇವರ್ಗಿಯ ನನ್ನ ಕೋಣೆಯಲ್ಲಿ ಕೂತು 43 ನಿಮಿಷದ ಒಂದು ಸಂದರ್ಶನ ಎಡಿಟ್ ಮಾಡ್ತಿದ್ದೆ. ರಾತ್ರಿ ಹನ್ನೊಂದೂವರೆಗೆ ಸ್ಕ್ರೀನ್ ಇದ್ದ ಹಾಗೇ ನಿಂತುಬಿಟ್ಟಿತು. ಮೌಸ್ ಇಲ್ಲ, ಕೀಬೋರ್ಡ್ ಇಲ್ಲ. ಸ್ಪೀಕರ್‌ನಲ್ಲಿ ಅತಿಥಿಯ ಕೊನೆಯ ಅಕ್ಷರ ಮಾತ್ರ ರ್ರ್ರ್ರ್ ಅಂತ ಒಂದೇ ಸಮನೆ ಬರ್ತಿತ್ತು. ಬಟನ್ ಒತ್ತಿ ಹಿಡಿದು ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿದಾಗ ಆ ಎಡಿಟಿಂಗ್ ಫೈಲೇ ತೆರೆಯಲಿಲ್ಲ. ಮೂರು ದಿನದ ಕೆಲಸ ಹೋಯಿತು.

ಅದಕ್ಕೇ ಇವತ್ತಿನ ವಿಷಯ ಇದೇ. ಡೆಸ್ಕ್‌ಟಾಪ್ ಕಂಪ್ಯೂಟರ್ ಯಾವಾಗೆಂದರೆ ಆವಾಗ ಹ್ಯಾಂಗ್ ಆದರೆ ಕಾರಣ ಹುಡುಕೋದು ಹೇಗೆ?

ಮೊದಲೇ ಹೇಳಿಬಿಡ್ತೀನಿ, ನಾನು ಎಂಜಿನಿಯರ್ ಅಲ್ಲ, ಬಿ.ಕಾಂ. ಓದಿದವನು. ಆದರೆ ಈ ಒಂದು ವರ್ಷದಲ್ಲಿ ಇಂಥದ್ದೇ ಮೂರು ಕಂಪ್ಯೂಟರ್ ನೋಡಿದೆ. ಒಂದು ಆಳಂದದಲ್ಲಿ ನನ್ನ ಕಾಲೇಜು ಗೆಳೆಯನ ಫೋಟೋ ಸ್ಟುಡಿಯೋದ್ದು. ಇನ್ನೊಂದು ಅಫಜಲಪುರದಲ್ಲಿ ನಮ್ಮ ಸೋದರಮಾವನ ಆನ್‌ಲೈನ್ ಸೆಂಟರ್‌ದು. ಮೂರನೇದು ಜೇವರ್ಗಿಯಲ್ಲಿ ನನ್ನದೇ. ಮೂರಕ್ಕೂ ಒಂದೇ ದೂರು: "ಸುಮ್ಮಸುಮ್ಮನೆ ಹ್ಯಾಂಗ್ ಆಗ್ತದ." ಮೂರಕ್ಕೂ ಅಂಗಡಿಯವರು ಕೊಟ್ಟ ಉತ್ತರವೂ ಹೆಚ್ಚು ಕಡಿಮೆ ಒಂದೇ: "ಫಾರ್ಮ್ಯಾಟ್ ಹೊಡೀರಿ, ಇಲ್ಲಾಂದ್ರ ಹೊಸದು ತಗೋರಿ." ಕಡೆಗೆ ನೋಡಿದರೆ ಮೂರರ ಕಾರಣವೂ ಬೇರೆ ಬೇರೆ. ಒಂದಕ್ಕೂ ಹೊಸ ಕಂಪ್ಯೂಟರ್ ಬೇಕಾಗಲಿಲ್ಲ.

ತಪ್ಪಿಗೂ ಒಂದು ಆಕಾರ ಇರ್ತದೆ

ಕಾಮರ್ಸ್ ಓದಿದವರಿಗೆ ಇದು ಗೊತ್ತು. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಕೂಡಲಿಲ್ಲ ಅಂದ್ರೆ ಮೊದಲು ನೋಡೋದು ವ್ಯತ್ಯಾಸ ಎಷ್ಟು ಅಂತ. ಅದು 9ರಿಂದ ಸರಿಯಾಗಿ ಭಾಗ ಆದರೆ, ಎಲ್ಲೋ 54 ಬರೆಯುವಲ್ಲಿ 45 ಬರೆದಿರಬಹುದು, ಅಂಕಿ ಅದಲು ಬದಲಾಗಿರಬಹುದು ಅಂತ ಅನುಮಾನ. ವ್ಯತ್ಯಾಸದ ಅರ್ಧ ಮೊತ್ತದ ಎಂಟ್ರಿ ಇದ್ದರೆ, ಅದನ್ನ ಡೆಬಿಟ್ ಬದಲು ಕ್ರೆಡಿಟ್‌ಗೆ ಹಾಕಿರಬಹುದು. ಅಂದ್ರೆ ತಪ್ಪು ಎಲ್ಲಿದೆ ಅಂತ ತಪ್ಪೇ ಅರ್ಧ ಹೇಳ್ತದೆ.

ಕಂಪ್ಯೂಟರ್ ಹ್ಯಾಂಗ್ ಆಗೋದೂ ಹಂಗೇ. "ಸುಮ್ಮಸುಮ್ಮನೆ" ಅಂತ ನಾವು ಅನ್ನೋದು ನಾವು ಬರೆದಿಡದೇ ಇರೋದಕ್ಕೆ.

ಇದಕ್ಕೆ ಹೊರಗಿನ ಒಂದು ಉದಾಹರಣೆ. ಕ್ರೂಷಿಯಲ್ ಎಂ4 ಅನ್ನೋ ಎಸ್‌ಎಸ್‌ಡಿ ಇತ್ತು. ಅದನ್ನ ಹಾಕಿಕೊಂಡವರ ಕಂಪ್ಯೂಟರ್ ತಿಂಗಳುಗಟ್ಟಲೆ ಚೆನ್ನಾಗಿ ನಡೆದು, ಒಂದು ದಿನ ಕೈಕೊಡೋದು. ಆಮೇಲೆ ಚಾಲೂ ಮಾಡಿದರೆ ಸುಮಾರು ಒಂದು ಗಂಟೆಗೊಮ್ಮೆ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕ ಕಾರಣ ಏನು? ಆ ಎಸ್‌ಎಸ್‌ಡಿ ಒಟ್ಟು 5184 ಗಂಟೆ ಚಾಲೂ ಇದ್ದ ಮೇಲೆ ಅದರ ಒಳಗಿನ ಪ್ರೋಗ್ರಾಮ್‌ನಲ್ಲಿದ್ದ ಒಂದು ದೋಷ ಎದ್ದು ಬರ್ತಿತ್ತು. 5184 ಗಂಟೆ ಅಂದ್ರೆ ಬಂದ್ ಮಾಡದೆ ಇಟ್ಟರೆ 216 ದಿನ. 2012ರ ಜನವರಿಯಲ್ಲಿ ಕಂಪನಿಯೇ ಹೊಸ ಫರ್ಮ್‌ವೇರ್ ಕೊಟ್ಟು ಸರಿ ಮಾಡಿತು. ಬಳಸುವವನಿಗೆ ಅದು ಹಣೆಬರಹದ ಹಾಗೆ ಕಂಡಿರ್ತದೆ. ಒಳಗೆ ನೋಡಿದರೆ ಪಕ್ಕಾ ಲೆಕ್ಕ.

ಮೊದಲ ಕೆಲಸ: ಹ್ಯಾಂಗ್ ಅಂದ್ರೆ ಯಾವ ಹ್ಯಾಂಗ್?

ನಮ್ಮ ಮಾತಿನಲ್ಲಿ ಎಲ್ಲದಕ್ಕೂ "ಹ್ಯಾಂಗ್ ಆಯ್ತು" ಅಂತೀವಿ. ನಿಧಾನ ಆದರೂ ಹ್ಯಾಂಗ್, ತಾನೇ ರಿಸ್ಟಾರ್ಟ್ ಆದರೂ ಹ್ಯಾಂಗ್, ನೀಲಿ ಸ್ಕ್ರೀನ್ ಬಂದರೂ ಹ್ಯಾಂಗ್. ಇವೆಲ್ಲ ಬೇರೆ ಬೇರೆ. ಮುಂದಿನ ಸಲ ನಿಂತಾಗ ಗಾಬರಿಯಾಗಿ ಬಟನ್ ಒತ್ತಬೇಡಿ. ಎರಡು ನಿಮಿಷ ಕೊಟ್ಟು ಈ ನಾಲ್ಕು ನೋಡಿ.

ಒಂದು, ಕೀಬೋರ್ಡ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಒಳಗೆ ವಿಂಡೋಸ್ ಇನ್ನೂ ಜೀವಂತ ಇದೆ, ಎದುರಿಗಿನ ಸ್ಕ್ರೀನೋ ಒಂದು ಆ್ಯಪ್ಪೋ ಸಿಕ್ಕಿಕೊಂಡಿದೆ ಅಂತ ಅರ್ಥ. ದೀಪ ಅಲ್ಲಾಡದಿದ್ದರೆ ಪೂರ್ತಿ ನಿಂತಿದೆ.

ಎರಡು, ಮೌಸ್ ಬಾಣ ಓಡಾಡ್ತದೆ, ಆದರೆ ಏನು ಒತ್ತಿದರೂ ತೆರೆಯೋದಿಲ್ಲ, ಡಬ್ಬಿಯ ಮುಂದಿನ ಹಾರ್ಡ್‌ಡಿಸ್ಕ್ ದೀಪ ಒಂದೇ ಸಮ ಹತ್ತಿಕೊಂಡಿದೆ. ಹಂಗಿದ್ದರೆ ಅನುಮಾನ ಡಿಸ್ಕ್ ಮೇಲೆ.

ಮೂರು, ಸ್ಕ್ರೀನ್ ಮಾತ್ರ ನಿಂತಿದೆ, ಹಿಂದೆ ಹಾಡು ಸರಿಯಾಗಿ ನಡೀತಿದೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರ್ ಒಂದನ್ನೇ ಮತ್ತೆ ಚಾಲೂ ಮಾಡ್ತದೆ. ಸ್ಕ್ರೀನ್ ಮಿಂಚಿ ವಾಪಸ್ ಬಂದರೆ ಅನುಮಾನ ಗ್ರಾಫಿಕ್ಸ್ ಕಡೆ.

ನಾಲ್ಕು, ಎಲ್ಲ ನಿಂತು ದನಿ ಒಂದೇ ಕಡೆ ರ್ರ್ರ್ ಅಂತಿದ್ದರೆ ಕಾರಣ ಸಾಮಾನ್ಯವಾಗಿ ಆಳದಲ್ಲಿರ್ತದೆ: ರ‍್ಯಾಮ್, ಕರೆಂಟು, ಮದರ್‌ಬೋರ್ಡ್, ಇಲ್ಲವೇ ಕೆಟ್ಟ ಡ್ರೈವರ್. ಏನೂ ದಾರಿ ಇಲ್ಲ ಅಂದಾಗ ಮಾತ್ರ ಪವರ್ ಬಟನ್ ನಾಲ್ಕೈದು ಸೆಕೆಂಡು ಒತ್ತಿ ಹಿಡಿಯಿರಿ.

ಆಮೇಲೆ ಒಂದು ನೋಟ್‌ಬುಕ್. ಫೋನಿನ ನೋಟ್ಸ್ ಆದರೂ ನಡೀತದೆ. ತಾರೀಖು, ಟೈಮು, ಏನು ಕೆಲಸ ನಡೆದಿತ್ತು, ಆ ಹೊತ್ತಿಗೆ ಕರೆಂಟ್ ಹೋಗಿ ಬಂದಿತ್ತಾ, ಮೇಲಿನ ನಾಲ್ಕರಲ್ಲಿ ಯಾವುದು. ಐದೇ ಕಾಲಂ. ಹತ್ತು ಸಾಲು ತುಂಬುವ ಹೊತ್ತಿಗೆ ಅದೇ ಮಾತಾಡಲು ಶುರು ಮಾಡ್ತದೆ.

ವಿಂಡೋಸ್ ಕೂಡ ತನ್ನದೊಂದು ದಿನಚರಿ ಬರೀತಿರ್ತದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ "ವ್ಯೂ ರಿಲಯಬಿಲಿಟಿ ಹಿಸ್ಟರಿ" ಬರ್ತದೆ. ದಿನ ದಿನಕ್ಕೂ ಏನು ಕೆಟ್ಟಿತು, ಯಾವತ್ತು ಯಾವ ಅಪ್‌ಡೇಟ್ ಕೂತಿತು ಅಂತ ಕ್ಯಾಲೆಂಡರ್ ಥರ ತೋರಿಸ್ತದೆ. ಇನ್ನೂ ಆಳಕ್ಕೆ ಬೇಕಂದ್ರೆ ಈವೆಂಟ್ ವ್ಯೂವರ್. ಅಲ್ಲಿ ಕೆಂಪಗೆ "ಕರ್ನಲ್ ಪವರ್ 41" ಅಂತ ಕಾಣ್ತದೆ. ಅದನ್ನ ನೋಡಿ ಎಷ್ಟೋ ಜನ ಪವರ್ ಸಪ್ಲೈ ಹೋಯ್ತು ಅಂದುಕೊಳ್ತಾರೆ. ಹಂಗಲ್ಲ. 41 ಅಂದ್ರೆ "ಹೋದ ಸಲ ನನ್ನನ್ನ ಸರಿಯಾಗಿ ಬಂದ್ ಮಾಡಿರಲಿಲ್ಲ" ಅಂತ ವಿಂಡೋಸ್ ಹೇಳೋದು, ಅಷ್ಟೇ. ನೀವೇ ಬಟನ್ ಒತ್ತಿ ಹಿಡಿದಿದ್ದರೂ ಅದು ಬರ್ತದೆ. ನೋಡಬೇಕಾದದ್ದು ಅದಕ್ಕಿಂತ ಸ್ವಲ್ಪ ಮೊದಲು ಏನು ಬರೆದಿದೆ ಅನ್ನೋದನ್ನ.

ಆಳಂದ: ಸಾಯದೇ ಇದ್ದ ಹಾರ್ಡ್‌ಡಿಸ್ಕ್

ಗೆಳೆಯನ ಸ್ಟುಡಿಯೋ ಕಂಪ್ಯೂಟರ್‌ನಲ್ಲಿ ಮೌಸ್ ಓಡಾಡ್ತಿತ್ತು. ಫೋಲ್ಡರ್ ತೆರೆದರೆ ಅರ್ಧ ನಿಮಿಷ, ಒಂದು ನಿಮಿಷ ಎಲ್ಲ ಸ್ತಬ್ಧ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಚಾಲೂ. "ಡಿಸ್ಕ್ ಹೋಗ್ಯದ, ಫಾರ್ಮ್ಯಾಟ್ ಹೊಡದು ನೋಡೋಣು, ಇಲ್ಲಾಂದ್ರ ಹೊಸದು ಹಾಕೋಣು" ಅಂದಿದ್ದರಂತೆ. ಒಳಗೆ ಆ ಸೀಸನ್‌ನ ಏಳು ಮದುವೆಯ ಫೋಟೋ ಇದ್ದವು. ಆಲ್ಬಮ್ ಇನ್ನೂ ಆಗಿರಲಿಲ್ಲ. ಮುಂಗಡ ತಗೊಂಡಾಗಿತ್ತು.

ನಾನು ಫೋನಿನಲ್ಲೇ ಹೇಳಿದೆ, "ದೋಸ್ತ, ಏನೂ ಮುಟ್ಟಬ್ಯಾಡ. ಮೊದಲು ಫೋಟೋ ಹೊರಗ ತೆಗಿ."

ಇದು ಈ ಸಂಚಿಕೆಯ ದೊಡ್ಡ ನಿಯಮ ಅಂತ ಇಟ್ಟುಕೊಳ್ಳಿ. ಹ್ಯಾಂಗ್ ಆಗುವ ಕಂಪ್ಯೂಟರ್‌ನಲ್ಲಿ ರಿಪೇರಿಗಿಂತ ಮೊದಲು ಬ್ಯಾಕಪ್. ಡಿಸ್ಕ್ ನಿಜವಾಗಿಯೂ ಸಾಯ್ತಿದ್ದರೆ ಫಾರ್ಮ್ಯಾಟ್, ಚೆಕ್‌ಡಿಸ್ಕ್ ಇವೆಲ್ಲ ಅದಕ್ಕೆ ಇನ್ನಷ್ಟು ಶ್ರಮ ಕೊಡುವ ಕೆಲಸಗಳು. ಇರುವ ಅಲ್ಪ ಆಯುಷ್ಯವನ್ನ ಕಾಪಿ ಮಾಡಲು ಬಳಸಬೇಕು.

ಅವನು ಎರಡು ರಾತ್ರಿ ಕೂತು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಲ್ಲ ಹಾಕಿಕೊಂಡ. ಭಾನುವಾರ ನಾನು ಕಲಬುರಗಿಯಲ್ಲಿ ಬಸ್ ಬದಲಿಸಿ ಆಳಂದಕ್ಕೆ ಹೋದೆ. ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಕಡೆಯ ಎಚ್ಚರಿಕೆಗಳು ಸಾಲಾಗಿದ್ದವು: 129, 153. 129 ಅಂದ್ರೆ "ಡಿಸ್ಕ್ ಉತ್ತರ ಕೊಡಲಿಲ್ಲ, ರಿಸೆಟ್ ಮಾಡಿದೆ" ಅಂತ. 153 ಅಂದ್ರೆ "ಮತ್ತೆ ಪ್ರಯತ್ನ ಮಾಡಿದೆ" ಅಂತ. ವಿಂಡೋಸ್ ಕಾಯ್ತಾ ಕೂತ ಆ ಹೊತ್ತೇ ನಮಗೆ ಹ್ಯಾಂಗ್ ಆಗಿ ಕಾಣೋದು.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಪುಕ್ಕಟೆ ಪ್ರೋಗ್ರಾಮ್ ಹಾಕಿದೆವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನ ಅದು ತೋರಿಸ್ತದೆ. ರಿಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಇವೆರಡು ಏರ್ತಿದ್ದರೆ ಡಿಸ್ಕ್‌ನ ಮೈಯೇ ಕೆಡ್ತಿದೆ ಅಂತ. ಅವನದರಲ್ಲಿ ಅವೆರಡೂ ಸೊನ್ನೆ! ಏರಿದ್ದು ಸಿ7 ಅನ್ನೋ ಸಾಲು, ಸಿಆರ್‌ಸಿ ಎರರ್ ಕೌಂಟ್. ಇದು ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವಿನ ದಾರಿಯಲ್ಲಿ ಮಾಹಿತಿ ಕೆಟ್ಟ ಲೆಕ್ಕ. ದಾರಿ ಅಂದ್ರೆ ಕೇಬಲ್.

ಡಬ್ಬಿ ತೆರೆದರೆ ಸಾಟಾ ಕೇಬಲ್ ಗಟ್ಟಿಯಾಗಿ ಮಡಚಿ, ಮುಚ್ಚಳಕ್ಕೆ ಒತ್ತಿಕೊಂಡಿತ್ತು. ಹೊಸ ಕೇಬಲ್ ಹಾಕಿ ಬೇರೆ ಪೋರ್ಟ್‌ಗೆ ಚುಚ್ಚಿದೆವು. ಒಂದು ಮಾತು: ಸಿ7 ಲೆಕ್ಕ ರಿಪೇರಿ ಆದಮೇಲೂ ಸೊನ್ನೆಗೆ ಇಳಿಯೋದಿಲ್ಲ. ಹಳೆ ಬಾಕಿ ಹಂಗೇ ಉಳೀತದೆ. ಏರೋದು ನಿಂತಿದೆಯಾ ಅಂತ ಮಾತ್ರ ನೋಡಬೇಕು. ಎರಡು ವಾರ ನೋಡಿದ, ನಿಂತಿತ್ತು. ಹೊಸ ಡಿಸ್ಕ್‌ನ ದುಡ್ಡು ಉಳೀತು, ಏಳು ಮನೆಯ ಮದುವೆಯೂ ಉಳೀತು. ಬ್ಯಾಕಪ್ ಈಗ ವಾರಕ್ಕೊಮ್ಮೆ ಮಾಡ್ತಾನೆ.

ಅಫಜಲಪುರ: ಪೇಮೆಂಟ್ ಒತ್ತಿದ ಕ್ಷಣ

ಮಾವನ ಸೆಂಟರ್‌ನ ಕಥೆ ಸ್ವಲ್ಪ ಉದ್ದ. ಮೇ ತಿಂಗಳು. ನಮ್ಮ ಕಡೆ ಮೇ ಅಂದ್ರೆ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ತಗಡಿನ ಶೆಡ್ ಅಂಗಡಿ, ಒಂದು ಫ್ಯಾನ್, ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಪಹಣಿ, ಆದಾಯ ಪ್ರಮಾಣಪತ್ರದ ಅರ್ಜಿ, ಪರೀಕ್ಷೆ ಫೀ, ಡಿಗ್ರಿ ಪ್ರವೇಶದ ಅರ್ಜಿ ಎಲ್ಲ ಅದೇ ಒಂದರ ಮೇಲೆ.

ಒಂದು ಹುಡುಗಿ ಹಳ್ಳಿಯಿಂದ ಅಪ್ಪನ ಜೊತೆ ಬಂದು ಅರ್ಜಿ ತುಂಬಿಸಿದಳು. ಮರುದಿನ ಕೊನೆ ದಿನ. ಫೀಸಿನ ಪೇಮೆಂಟ್ ಒತ್ತಿದ ಕ್ಷಣ ಸ್ಕ್ರೀನ್ ನಿಂತಿತು. ಅಪ್ಪನ ಫೋನಿಗೆ ದುಡ್ಡು ಕಟ್ ಆದ ಮೆಸೇಜ್ ಬಂತು. ಅರ್ಜಿ ಹೋಯ್ತೋ ಇಲ್ಲೋ ಗೊತ್ತಿಲ್ಲ. "ಕಾಕಾ, ರೊಕ್ಕ ಹೋತಲ್ಲ ಈಗ?" ಅಂತ ಆ ಹುಡುಗಿ ಕೇಳಿದಾಗ ಮಾವನ ಬಳಿ ಉತ್ತರ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಎರಡನೇ ಸಲ ಪೇಮೆಂಟ್ ಮಾಡಬೇಡಿ. ಫೋನಿನಲ್ಲೇ ಅದೇ ಲಾಗಿನ್‌ಗೆ ಹೋಗಿ ಪೇಮೆಂಟ್ ಸ್ಟೇಟಸ್ ನೋಡಿ. ವಹಿವಾಟು ನಡೆಯೋದು ಬ್ಯಾಂಕಿನ ಮತ್ತು ವೆಬ್‌ಸೈಟಿನ ಸರ್ವರ್‌ಗಳಲ್ಲಿ, ನಿಮ್ಮ ಡಬ್ಬಿಯಲ್ಲಲ್ಲ. ಅವತ್ತು ಹಂಗೇ ಮಾಡಿದರು. ಸಂಜೆ ಹೊತ್ತಿಗೆ ಹಣ ಸಂದಾಯ ಆಗಿದ್ದು ತೋರಿಸಿತು, ಅರ್ಜಿ ಪೂರ್ತಿ ಆಯಿತು. ಆದರೆ ಆ ನಾಲ್ಕು ಗಂಟೆ ಆ ಅಪ್ಪ ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ. ಮಾವ ಅವತ್ತೇ ನನಗೆ ಫೋನ್ ಮಾಡಿದ: "ತಮ್ಮಾ, ನೀ ಬಾ. ಮಂದಿ ನನ್ನ ಮ್ಯಾಲಿನ ಭರೋಸೆ ಕಳಕೋಲಿಕತ್ತಾರ."

ನೋಟ್‌ಬುಕ್‌ನಲ್ಲಿ ಮೊದಲು ಕಂಡದ್ದು ಟೈಮು. ಹೆಚ್ಚಿನವು ಮಧ್ಯಾಹ್ನ 2ರಿಂದ 4ರ ಒಳಗೆ. ಡಬ್ಬಿ ತೆರೆದರೆ ಪ್ರೊಸೆಸರ್ ಫ್ಯಾನ್ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಕಪ್ಪು ಮಣ್ಣಿನ ಊರು, ಮೇಲೆ ತೊಗರಿ ರಾಶಿಯ ಕಾಲದ ಹೊಟ್ಟಿನ ಧೂಳು ಬೇರೆ. ಬ್ಲೋವರ್‌ನಿಂದ ಊದಿದೆವು. ಊದುವಾಗ ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ಹಿಡಿದಿರಬೇಕು, ಗಾಳಿಗೆ ಅದು ಬೇಕಾಬಿಟ್ಟಿ ತಿರುಗಿದರೆ ಕೆಡ್ತದೆ. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿದೆವು. ಗೋಡೆಗೆ ಅಂಟಿಸಿದ್ದ ಡಬ್ಬಿಯನ್ನ ಒಂದು ಗೇಣು ಮುಂದಕ್ಕೆ ಎಳೆದೆವು.

ಹ್ಯಾಂಗ್ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಇಲ್ಲೊಂದು ವಿಷಯ ತಿಳಿಬೇಕು. ಈಗಿನ ಪ್ರೊಸೆಸರ್‌ಗಳು ಬಿಸಿ ಹೆಚ್ಚಾದಾಗ ತಾವೇ ವೇಗ ಇಳಿಸಿಕೊಳ್ತಾವೆ. ಎಷ್ಟೋ ಇಂಟೆಲ್ ಪ್ರೊಸೆಸರ್‌ಗಳಿಗೆ ಆ ಮಿತಿ 100 ಡಿಗ್ರಿ ಸುತ್ತಮುತ್ತ. ಅದನ್ನೂ ಮೀರಿದರೆ ಕಂಪ್ಯೂಟರ್ ಒಮ್ಮೆಲೇ ಬಂದ್ ಆಗ್ತದೆ. ಅಂದ್ರೆ ಪ್ರೊಸೆಸರ್ ಬಿಸಿಯಾದ ಗುರುತು ಸಾಮಾನ್ಯವಾಗಿ ನಿಧಾನ ಆಗೋದು, ಇಲ್ಲವೇ ಆರಿಹೋಗೋದು. ಸ್ಕ್ರೀನ್ ನಿಂತಲ್ಲೇ ನಿಂತರೆ ಕರೆಂಟ್ ಹಂಚುವ ಭಾಗಗಳನ್ನೂ ನೋಡಬೇಕು.

ಮತ್ತೆ ನೋಟ್‌ಬುಕ್. ಉಳಿದ ಎಂಟು ಸಾಲುಗಳಲ್ಲಿ ಆರರ ಪಕ್ಕ ಮಾವ ತನ್ನ ಕೈಯಲ್ಲೇ ಬರೆದಿದ್ದ: "ಪ್ರಿಂಟ್ ಕೊಟ್ಟಾಗ." ಬರೆಯುವಾಗ ಅವನಿಗೂ ಹೊಳೆದಿರಲಿಲ್ಲ.

ಲೇಸರ್ ಪ್ರಿಂಟರ್ ಒಳಗೆ ಫ್ಯೂಸರ್ ಅಂತ ಒಂದು ಹೀಟರ್ ಇರ್ತದೆ. ಶಾಯಿಪುಡಿಯನ್ನ ಕಾಗದಕ್ಕೆ ಸುಟ್ಟು ಅಂಟಿಸೋದು ಅದೇ. ಪ್ರಿಂಟ್ ಕೊಟ್ಟ ಕ್ಷಣ ಅದು ನೂರಾರು ವ್ಯಾಟ್ ಒಮ್ಮೆಲೇ ಎಳೀತದೆ. ಮಾವ ಆ ಪ್ರಿಂಟರ್‌ನ್ನೂ ಕಂಪ್ಯೂಟರ್‌ನ್ನೂ ಒಂದೇ ಸಣ್ಣ ಯುಪಿಎಸ್‌ಗೆ ಚುಚ್ಚಿದ್ದ. ಕರೆಂಟ್ ಹೋದರೆ ಪ್ರಿಂಟ್ ನಿಲ್ಲಬಾರದು ಅಂತ ಒಳ್ಳೆ ಉದ್ದೇಶಕ್ಕೇ. ಲೇಸರ್ ಪ್ರಿಂಟರ್‌ನ್ನ ಇಂಥ ಯುಪಿಎಸ್‌ಗೆ ಹಾಕಬೇಡಿ ಅಂತ ಯುಪಿಎಸ್ ತಯಾರಿಸುವವರೇ ಹೇಳ್ತಾರೆ. ಪ್ರಿಂಟರ್ ಎಳೆದಾಗಲೆಲ್ಲ ಕಂಪ್ಯೂಟರ್‌ಗೆ ಹೋಗುವ ವೋಲ್ಟೇಜ್ ಕುಸೀತಿತ್ತು, ಹಳೆಯ ಎಸ್‌ಎಂಪಿಎಸ್ ಅದನ್ನ ತಡಕೊಳ್ಳೋದಾಗ್ತಿರಲಿಲ್ಲ.

ಇನ್ನೊಂದು ಸಿಕ್ಕಿತು. ಬರಿಗಾಲಲ್ಲಿ ನಿಂತು ಡಬ್ಬಿ ಮುಟ್ಟಿದರೆ ಕೈ ಝುಂ ಅಂತಿತ್ತು. ಎಲೆಕ್ಟ್ರಿಷಿಯನ್ ನೋಡಿದರೆ ಪ್ಲಗ್ಗಿನ ಮೂರನೇ ಪಿನ್ನಿಗೆ ಅರ್ಥಿಂಗ್ ತಂತಿಯೇ ಇರಲಿಲ್ಲ. ಇದು ಜೀವಕ್ಕೆ ಅಪಾಯ. ಅರ್ಥಿಂಗ್ ಕೆಲಸ ಮತ್ತು ಎಸ್‌ಎಂಪಿಎಸ್ ಬಿಚ್ಚುವ ಕೆಲಸ ಎರಡನ್ನೂ ನಾವು ಮಾಡಬಾರದು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರ್ತದೆ. ಬಲ್ಲವರು ಹೊರಗಿನಿಂದಲೇ ಮಲ್ಟಿಮೀಟರ್ ಹಿಡಿದು ನೋಡ್ತಾರೆ: 12 ವೋಲ್ಟ್‌ನ ಸಾಲು 11.4ರಿಂದ 12.6ರ ನಡುವೆ ಇರಬೇಕು.

ಪ್ರಿಂಟರ್‌ನ್ನ ಬೇರೆ ಸಾಕೆಟ್‌ಗೆ ಹಾಕಿ, ಅರ್ಥಿಂಗ್ ಮಾಡಿಸಿದೆವು. ಪುಕ್ಕಟೆ ಕೆಲಸ ಒಂದು, ಎಲೆಕ್ಟ್ರಿಷಿಯನ್ ಕೂಲಿಯ ಕೆಲಸ ಒಂದು. ಆಮೇಲೆ ನೋಟ್‌ಬುಕ್‌ನಲ್ಲಿ ಸಾಲು ಬೆಳೆಯಲಿಲ್ಲ.

ಜೇವರ್ಗಿ: ನನ್ನದೇ ತಪ್ಪು

ಈಗ ನನ್ನದು. ಇದಕ್ಕೆ ಟೈಮೂ ಇಲ್ಲ, ಬಿಸಿಲೂ ಇಲ್ಲ, ಪ್ರಿಂಟರೂ ಇಲ್ಲ. ಉದ್ದನೆಯ ಆಡಿಯೋ ಎಡಿಟ್ ಮಾಡುವಾಗ ಹೆಚ್ಚು, ಸುಮ್ಮನೆ ಬ್ರೌಸಿಂಗ್‌ನಲ್ಲಿ ಕಡಿಮೆ. ದನಿ ರ್ರ್ರ್. ಕ್ಯಾಪ್ಸ್ ಲಾಕ್ ದೀಪ ಸತ್ತಿರ್ತಿತ್ತು. ಈವೆಂಟ್ ವ್ಯೂವರ್‌ನಲ್ಲಿ 41 ಬಿಟ್ಟರೆ ಏನೂ ಇಲ್ಲ. ಬರೆಯಲೂ ಪುರುಸೊತ್ತಿಲ್ಲದ ಹಾಗೆ ನಿಂತಿದೆ ಅಂದ್ರೆ ಅದೂ ಒಂದು ಸುಳಿವು.

ಮೊದಲು ಸಾಫ್ಟ್‌ವೇರೋ ಹಾರ್ಡ್‌ವೇರೋ ಅಂತ ಬೇರೆ ಮಾಡಬೇಕಿತ್ತು. ಇದಕ್ಕೆ ಒಳ್ಳೆ ಉಪಾಯ ಪೆನ್‌ಡ್ರೈವ್‌ನಲ್ಲಿ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ ಅರ್ಧ ದಿನ ಬಳಸೋದು. ಅಲ್ಲಿ ಸರಿಯಾಗಿ ನಡೆದರೆ ಅನುಮಾನ ವಿಂಡೋಸ್, ಡ್ರೈವರ್ ಅಥವಾ ಡಿಸ್ಕ್ ಕಡೆ. ಅಲ್ಲೂ ನಿಂತರೆ ಹಾರ್ಡ್‌ವೇರ್. ನನ್ನದು ಅಲ್ಲೂ ನಿಂತಿತು.

ಆಗ ನೆನಪಾಯಿತು. ಎಡಿಟಿಂಗ್ ಜೋರಾಗಲಿ ಅಂತ ಎರಡು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ 8 ಜಿಬಿ ರ‍್ಯಾಮ್ ತಂದು ಹಳೆಯದರ ಪಕ್ಕ ಹಾಕಿದ್ದೆ. ವಿಂಡೋಸ್‌ನದೇ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದೆ. "ತೊಂದರೆ ಇಲ್ಲ" ಅಂತ ಬಂತು. ನಾನು ನಂಬಿದೆ, ಅದೇ ತಪ್ಪು. ಸಣ್ಣ ಪರೀಕ್ಷೆಯಲ್ಲಿ ಪಾಸಾದರೆ ರ‍್ಯಾಮ್ ಚೆನ್ನಾಗಿದೆ ಅಂತಲ್ಲ, ಆ ಹೊತ್ತಿಗೆ ಸಿಕ್ಕಿಬೀಳಲಿಲ್ಲ ಅಂತ ಅಷ್ಟೇ. ಆಮೇಲೆ ಮೆಮ್‌ಟೆಸ್ಟ್86 ಅನ್ನೋದನ್ನ ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಬಿಟ್ಟೆ. ಮುಂಜಾನೆ ಎದ್ದು ನೋಡಿದರೆ ಎರಡನೇ ಸುತ್ತಿನಲ್ಲಿ ಕೆಂಪು ಸಾಲುಗಳು.

ರ‍್ಯಾಮ್ ಅಂದ ಕೂಡಲೇ ನಮ್ಮ ಕಡೆ ರಬ್ಬರ್ ಹಚ್ಚಿ ತಿಕ್ಕೋದು ರೂಢಿ. ಅದು ಮೂಢನಂಬಿಕೆ ಅಲ್ಲ. ಚಿನ್ನದ ಬಣ್ಣದ ಅಂಚಿನ ಮೇಲೆ ಕೊಳೆ, ಜಿಡ್ಡು ಕೂತಿದ್ದರೆ ಮೆಲ್ಲಗೆ ತಿಕ್ಕಿ ಪುಡಿ ಒರೆಸಿ ಹಾಕಿದರೆ ಸಂಪರ್ಕ ಸರಿಹೋಗ್ತದೆ. ಆದರೆ ಚಿಪ್ಪೇ ಕೆಟ್ಟಿದ್ದರೆ ರಬ್ಬರ್ ಏನು ಮಾಡೀತು? ಅದಕ್ಕೆ ಅದಲು ಬದಲು ಪರೀಕ್ಷೆ. ಪ್ಲಗ್ ಪೂರ್ತಿ ತೆಗೆದು, ಡಬ್ಬಿಯ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದು, ಒಂದೊಂದೇ ರ‍್ಯಾಮ್ ಹಾಕಿ ಪರೀಕ್ಷೆ ಮಾಡಿ. ತೊಂದರೆ ರ‍್ಯಾಮ್ ಜೊತೆ ಬೇರೆ ಸ್ಲಾಟಿಗೂ ಹೋದರೆ ರ‍್ಯಾಮ್ ಕೆಟ್ಟಿದೆ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತೊಂದರೆ ಬಂದರೆ ಸ್ಲಾಟ್ ಕೆಟ್ಟಿದೆ. ನನ್ನದು ಆ ಸೆಕೆಂಡ್ ಹ್ಯಾಂಡ್ ರ‍್ಯಾಮ್. ತೆಗೆದು ಇಟ್ಟೆ. ಈಗ 8 ಜಿಬಿಯಲ್ಲೇ ನಿಧಾನಕ್ಕೆ ಎಡಿಟ್ ಮಾಡ್ತೀನಿ, ಆದರೆ ನಿಲ್ಲಂಗಿಲ್ಲ.

ನನ್ನ ಎಡಿಟಿಂಗ್ ಫೈಲ್ ತೆರೆಯದೇ ಹೋಗಿದ್ದಕ್ಕೂ ಬಹುಶಃ ಇದೇ ಕಾರಣ. ಕೆಟ್ಟ ರ‍್ಯಾಮ್ ಬರೀ ಹ್ಯಾಂಗ್ ಮಾಡೋದಿಲ್ಲ, ಅದರ ಮೂಲಕ ಹಾದು ಸೇವ್ ಆಗುವ ಫೈಲನ್ನೂ ಕೆಡಿಸಬಹುದು. ಆಳಂದದ ಗೆಳೆಯನಿಗೆ ಬ್ಯಾಕಪ್ ಪಾಠ ಹೇಳಿದವನು ನಾನು. ನನ್ನ ಬ್ಯಾಕಪ್ ಇರಲಿಲ್ಲ.

ಇನ್ನು ಕೆಲವು ಗೊಂದಲಗಳು

"ವಿಂಡೋಸ್ 10 ಬಂದ್ ಆಯ್ತಲ್ರಿ, ಅದಕ್ಕ ಹ್ಯಾಂಗ್ ಆಗ್ತದ" ಅಂತ ಕೇಳಿರ್ತೀರಿ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದದ್ದು ನಿಜ. ಸೆಕ್ಯುರಿಟಿ ದೃಷ್ಟಿಯಿಂದ, ಅದರಲ್ಲೂ ಬ್ಯಾಂಕ್ ಕೆಲಸ ಮಾಡುವವರು, ಯೋಚಿಸಲೇಬೇಕು. ಆದರೆ ಬೆಂಬಲ ಮುಗಿದ ಮಾತ್ರಕ್ಕೆ ಕಂಪ್ಯೂಟರ್ ಹ್ಯಾಂಗ್ ಆಗೋದಿಲ್ಲ. ಹ್ಯಾಂಗ್‌ಗೆ ಕಾರಣ ಬೇರೆಯೇ ಹುಡುಕಬೇಕು.

"ಹೊಸ ಕಂಪ್ಯೂಟರ್‌ಗೆ ಇವೆಲ್ಲ ಇರೋದಿಲ್ಲ" ಅನ್ನೋದೂ ಪೂರ್ತಿ ಸರಿಯಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗಿ ಅವು ಕೆಡ್ತಿದ್ದವು. 2024ರಲ್ಲಿ ಕಂಪನಿ ಅದನ್ನ ಒಪ್ಪಿಕೊಂಡು, ಬಯಾಸ್ ಅಪ್‌ಡೇಟ್ ಮೂಲಕ ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ನಿಮ್ಮದು ಅಂಥದ್ದಾದರೆ ಮದರ್‌ಬೋರ್ಡ್ ಕಂಪನಿಯ ತಾಣದಲ್ಲಿ ಬಯಾಸ್ ಅಪ್‌ಡೇಟ್ ನೋಡಿ. ಆದರೆ ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಏಳದೇ ಇರಬಹುದು.

ಇನ್ನು, ಎರಡು ಆ್ಯಂಟಿವೈರಸ್ ಒಟ್ಟಿಗೆ ಇಡಬೇಡಿ. ಕ್ರ್ಯಾಕ್ ಮಾಡಿದ ವಿಂಡೋಸ್ ಜೊತೆ ಏನೇನು ಒಳಗೆ ಬಂದಿರ್ತದೋ ಯಾರಿಗೂ ಗೊತ್ತಿರೋದಿಲ್ಲ.

ಸ್ಕ್ರೀನ್‌ಶಾಟ್ ತಗೊಳ್ಳಿ

ಕ್ರಮ ಇಷ್ಟೇ:

1. ಬ್ಯಾಕಪ್.
2. ನೋಟ್‌ಬುಕ್: ತಾರೀಖು, ಟೈಮು, ಕೆಲಸ, ಕರೆಂಟು, ಯಾವ ಥರದ ಹ್ಯಾಂಗ್.
3. ಇತ್ತೀಚೆಗೆ ಏನು ಹೊಸದಾಗಿ ಹಾಕಿದಿರಿ? ಪಾರ್ಟು, ಡ್ರೈವರ್, ಆ್ಯಪ್. ಮೊದಲು ಅದನ್ನ ತೆಗೆದು ನೋಡಿ.
4. ರಿಲಯಬಿಲಿಟಿ ಹಿಸ್ಟರಿ, ಈವೆಂಟ್ ವ್ಯೂವರ್.
5. ಧೂಳು, ಫ್ಯಾನ್, ಬಿಸಿ.
6. ಪ್ಲಗ್, ಯುಪಿಎಸ್, ಅರ್ಥಿಂಗ್. ಒಂದೇ ಯುಪಿಎಸ್‌ನಲ್ಲಿ ಪ್ರಿಂಟರ್ ಇದೆಯಾ?
7. ಡಿಸ್ಕ್ ಆರೋಗ್ಯ ಮತ್ತು ಕೇಬಲ್.
8. ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ.
9. ಪೆನ್‌ಡ್ರೈವ್‌ನಿಂದ ಉಬುಂಟು.
10. ಫಾರ್ಮ್ಯಾಟ್ ಎಲ್ಲಕ್ಕಿಂತ ಕಡೆಗೆ.

ಎಲ್ಲಕ್ಕಿಂತ ಮುಖ್ಯ, ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್, ಕೇಬಲ್, ವಿಂಡೋಸ್ ಮೂರನ್ನೂ ಒಂದೇ ದಿನ ಬದಲಿಸಿದರೆ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯ್ತು ಗೊತ್ತಾಗೋದಿಲ್ಲ. ಮೂರಕ್ಕೂ ದುಡ್ಡು ಕೊಟ್ಟಿರ್ತೀರಿ.

ಅಂಗಡಿಗೆ ಒಯ್ಯಬೇಕಾಗಿ ಬಂದರೆ ನೋಟ್‌ಬುಕ್ ಜೊತೆಗೆ ಒಯ್ಯಿರಿ. ರಿಪೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹದಿನೈದು ಡಬ್ಬಿ ಬರ್ತಾವೆ, ನಿಮ್ಮ ಡಬ್ಬಿ ಅವರ ಎದುರು ಹತ್ತು ನಿಮಿಷ ಚೆನ್ನಾಗೇ ನಡೀತದೆ. ಅವರಾದರೂ ಏನು ಮಾಡ್ಯಾರು, ಫಾರ್ಮ್ಯಾಟ್ ಹೊಡೀತಾರೆ. ಅದೇ ನೀವು "ಪ್ರಿಂಟ್ ಕೊಟ್ಟಾಗ ಆರು ಸಲ ನಿಂತಿದೆ" ಅಂತ ತೋರಿಸಿದರೆ ಅವರ ಕೆಲಸವೂ ಹಗುರ, ನಿಮ್ಮ ಬಿಲ್ಲೂ ಹಗುರ.

ಮೊನ್ನೆ ಮಾವನ ಅಂಗಡಿಗೆ ಹೋಗಿದ್ದೆ. ಆ ಹುಡುಗಿ ತಂಗಿಯನ್ನ ಕರಕೊಂಡು ಬಂದಿದ್ದಳು, ಅವಳ ಪಿಯುಸಿ ಅರ್ಜಿ ತುಂಬಿಸಲು. ಪೇಮೆಂಟ್ ಒತ್ತುವ ಮೊದಲು ಮಾವನ ಕಡೆ ನೋಡಿ ಕೇಳಿದಳು, "ಕಾಕಾ, ಈ ಸಲ ನಿಲ್ಲಂಗಿಲ್ಲಲ್ಲ?"

ಮಾವ ಪ್ರಿಂಟರ್‌ನ ಪ್ಲಗ್ ಎಲ್ಲಿದೆ ಅಂತ ಒಮ್ಮೆ ನೋಡಿ, "ಒತ್ತವಾ" ಅಂದ.

ಹೋಯಿತು ಅರ್ಜಿ.

ನಿಮ್ಮ ಕಂಪ್ಯೂಟರ್‌ಗೂ ಇಂಥದ್ದೇ ಕಥೆ ಇದ್ದರೆ ನೋಟ್‌ಬುಕ್‌ನ ಹತ್ತು ಸಾಲು ತುಂಬಿಸಿ ಫೋಟೋ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಕೂತು ನೋಡೋಣ. ಕಳೆದುಹೋದ ಆ ಸಂದರ್ಶನವನ್ನ ಅತಿಥಿ ಬೇಸರ ಮಾಡಿಕೊಳ್ಳದೆ ಮತ್ತೆ ಕೊಟ್ಟಿದ್ದಾರೆ, ಮುಂದಿನ ವಾರ ಬರ್ತದೆ. ಈ ಸಲ ಮೂರು ಕಡೆ ಸೇವ್ ಮಾಡಿದ್ದೀನಿ.

ಬರ್ತೀನ್ರಿ. ನಮಸ್ಕಾರ.